ಚಾರ್ಜ್ ಕೊಡದೆ ಎದ್ದವರು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದು ದಾಟಿದರೂ ಬಿಡಲಿಲ್ಲ. ಬರಬೇಕಾದ ವಿಮಾನಗಳು ಬೇರೆ ಊರುಗಳ ಕಡೆಗೆ ಮುಖ ತಿರುಗಿಸಿದ್ದವು; ಹೊರಡಬೇಕಾದವು ರೆಕ್ಕೆಗಳಿಂದ ನೀರು ಸುರಿಸುತ್ತ, ದಣಿದ ದನಗಳ ಹಾಗೆ ನಿಂತಲ್ಲೇ ನಿಂತಿದ್ದವು. ಟವರಿನ ತುದಿಯ ಗಾಜಿನ ಕೋಣೆಯಲ್ಲಿ ಪಾಳಿಯ ಇಬ್ಬರು ಖಾಲಿ ಆಕಾಶಕ್ಕೆ ಕಾವಲು ಕೂತಿದ್ದರು. ಕೆಳಗೆ, ಮೆಟ್ಟಿಲುಗಳ ಬುಡದಲ್ಲಿರುವ ವಿಶ್ರಾಂತಿ ಕೋಣೆಯಲ್ಲಿ, ಆರು ಗಂಟೆಯ ಪಾಳಿಗೆಂದು ಬಂದವರೂ ಪಾಳಿ ಮುಗಿಸಿ ವ್ಯಾನಿಗೆ ಕಾದವರೂ ಸೇರಿ ಐದು ಜನರಿದ್ದರು. ಎಲ್ಲರೂ ಹೊಸಬರು, ವಿಮಾನಗಳಿಗೆ ದಾರಿ ಹೇಳುವ ಈ ಕೆಲಸಕ್ಕೆ ಸೇರಿ ಒಂದು ವರ್ಷವೂ ತುಂಬಿರಲಿಲ್ಲ.

ಮೂಲೆಯ ಬೆಂಚಿನ ಮೇಲೆ ಟೇಪ್ ತಾತ ಕಾಲು ಮಡಚಿ ಕೂತಿದ್ದರು. ಟವರಿನಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಹಿಡಿದಿಡುವ ರೆಕಾರ್ಡರ್ ಯಂತ್ರವನ್ನು ಮೂವತ್ತಾರು ವರ್ಷ ಸಾಕಿದವರು ಅವರು. ನಿವೃತ್ತರಾಗಿ ಬಹಳ ಕಾಲವಾಗಿತ್ತು. ಇವತ್ತು ಬಂದವರು ಮಳೆಗೆ ಸಿಕ್ಕಿಕೊಂಡಿದ್ದರು. ಟೀ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಅದರ ಬಿಸಿ ಆರುವುದನ್ನೇ ಒಂದು ಕೆಲಸವೆಂಬಂತೆ ಗಮನಿಸುತ್ತಿದ್ದರು.

"ಬಂತು ನೋಡ್ರಪ್ಪ," ಎಂದು ಉದ್ದಣ್ಣ ಫೋನು ಎತ್ತಿ ತೋರಿಸಿದ. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರದ ಹುಡುಗ, ಅದಕ್ಕೇ ಆ ಹೆಸರು. "ಹೆಚ್ಚುವರಿ ಹುದ್ದೆಗಳನ್ನ ಗುರುತಿಸ್ತಾರಂತೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿಲ್ಲ, ಆಗ್ಲೇ ಹೆಚ್ಚಾಗ್ಬಿಟ್ವಿ."

"ಹೆಚ್ಚುವರಿ ಇರೋದು ನಿನ್ನ ಉದ್ದ," ಎಂದಳು ಕನ್ನಡಕದ ಹುಡುಗಿ. "ಮೊಣಕಾಲಿಂದ ಕೆಳಗೆ ರದ್ದು ಮಾಡಿದ್ರೆ ಸರ್ಕಾರಕ್ಕೂ ಉಳಿತಾಯ, ಬಾಗಿಲಿಗೂ ಕ್ಷೇಮ."

ಎಲ್ಲರೂ ನಕ್ಕರು. ಆದರೆ ಆ ನಗು ಬೇಗ ಬತ್ತಿತು. ಒಬ್ಬನಿಗೆ ಮುಂದಿನ ತಿಂಗಳು ಮದುವೆ. ಇನ್ನೊಬ್ಬಳು ಈ ಕೆಲಸಕ್ಕೆಂದು ನಾಲ್ಕು ವರ್ಷ ಓದಿದವಳು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು.

"ಏನು ಬರೆದಿದಾರೆ, ಓದಮ್ಮ," ಎಂದರು ತಾತ.

ಕನ್ನಡಕದ ಹುಡುಗಿ ಓದಿದಳು. "ವಿಮಾನಗಳ ಓಡಾಟ ಕಡಿಮೆಯಿರುವ ಹೊತ್ತಿನಲ್ಲಿ ಟವರಿಗೆ ಒಬ್ಬರು ಸಾಕೆಂದು ಸಮಿತಿಯು ಅಭಿಪ್ರಾಯಪಡುತ್ತದೆ."

ತಾತನ ಮುಖದಲ್ಲಿ ಸುಕ್ಕುಗಳೆಲ್ಲ ಒಟ್ಟಿಗೆ ನಕ್ಕವು. "ಅದೇ ವಾಕ್ಯ. ಇಪ್ಪತ್ತೆಂಟು ವರ್ಷದ ಹಿಂದೆ ಬರೆದಿದ್ದನ್ನೇ ಇಳಿಸಿದಾರೆ, ಒಂದಕ್ಷರ ಬದಲಾಯಿಸೋ ಕಷ್ಟ ತಗೊಂಡಿಲ್ಲ. ಆಗ್ಲೂ ಒಬ್ಬರು ಸಾಕು ಅಂದಿದ್ರು. ಒಬ್ಬರನ್ನೇ ಬಿಟ್ಟಿದ್ರು ಕೂಡ."

"ಆಮೇಲೆ?"

"ಆಮೇಲೆ ಏನು. ಎರಡನೇಯೋರು ಬಂದು ನಿಂತ್ಕೊಂಡ್ರು."

ಆ ಮಾತು ಹೇಳಿದ ರೀತಿಗೆ ಐವರೂ ಅವರ ಕಡೆ ತಿರುಗಿದರು. ತಾತ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು. ಮೇಲೆ ಹಾರುವವರನ್ನೂ ಕೆಳಗೆ ಕಾಯುವವರನ್ನೂ ಕೈಬಿಡಬೇಡಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡರು. ದಿನವೂ ಯಂತ್ರ ಚಾಲೂ ಮಾಡುವ ಮುಂಚೆ ಅಂದುಕೊಳ್ಳುತ್ತಿದ್ದ ಮಾತು ಅದು; ಕತೆ ಹೇಳುವ ಮುಂಚೆಯೂ ಅದೇ ಮನಸ್ಸಿಗೆ ಬಂತು. ಮುಂದೆ ಕೂತ ಈ ಮಕ್ಕಳ ಮುಖಗಳಲ್ಲಿದ್ದ ಭಯ ಅವರಿಗೆ ಹೊಸದಲ್ಲ. ಅದನ್ನು ತೆಗೆಯಲು ಇನ್ನೊಂದು ಭಯವನ್ನೇ ಕೊಡಬೇಕಲ್ಲ ಎಂದು ಒಂದು ಕ್ಷಣ ಅಳುಕಿದರು. ನಂತರ ಶುರುಮಾಡಿದರು.

"ಹತ್ತಿರ ಬನ್ನಿ, ಮಳೆ ಸದ್ದಿನ ಮುಂದೆ ನನ್ನ ದನಿ ಸಾಲೋದಿಲ್ಲ... ಆವಾಗ್ಲೂ ಮೇಲೆ ಎರಡು ಕುರ್ಚಿ. ಒಂದು ಕುರ್ಚಿಯೋರು ರನ್‌ವೇ ನೋಡ್ಕೊಳ್ಳೋರು, ಯಾವ ವಿಮಾನ ಇಳೀಬೇಕು ಯಾವುದು ಏರ್ಬೇಕು ಅಂತ. ಪಕ್ಕದ ಕುರ್ಚಿಯೋರು ನೆಲ ನೋಡ್ಕೊಳ್ಳೋರು, ಜೀಪು, ಇಂಧನದ ಗಾಡಿ, ಗುಡಿಸೋ ಗಾಡಿ, ಏನೇ ಕದಲ್ಬೇಕಾದ್ರೂ ಅವರ ಅಪ್ಪಣೆ ಬೇಕು. ಈಗ ನೀವು ಮಾಡೋ ಹಾಗೇನೇ. ಆ ಎರಡನೇ ಕುರ್ಚೀಲಿ ಇದ್ದೋರಿಗೆ ನಾವೆಲ್ಲ ಇಟ್ಟಿದ್ದ ಹೆಸರು ಇನ್ನೊಂದ್ಸಲ ಸಾರ್. ಯಾರು ಏನೇ ಹೇಳ್ಲಿ, ಒಂದು ಸಣ್ಣ ಕೆಮ್ಮು, ಆಮೇಲೆ 'ಇನ್ನೊಂದ್ಸಲ ಹೇಳಿ'. ಸರಿಯಾಗಿ ಕೇಳಿಸಿದ್ರೂ ಕೇಳೋರು. ಮನೇಲಿ ಹೆಂಡ್ತಿ ಊಟಕ್ಕೆ ಬನ್ನಿ ಅಂದ್ರೂ ಅದೇ ಮಾತು. ಆಯಮ್ಮ ಒಂದಿನ ರೋಸಿ ಹೋಗಿ, 'ಒಂದನೇ ಸಲಕ್ಕೆ ಊಟ, ಎರಡನೇ ಸಲಕ್ಕೆ ಸೌಟು' ಅಂದ್ಲಂತೆ. ಅದನ್ನೂ ಅವರೇ ಬಂದು ನಮಗೆ ಹೇಳಿ ನಗೋರು. ನಾನು ಕೇಳ್ದೆ ಒಂದ್ಸಲ, ಯಾಕೆ ಸಾರ್ ಹೀಗೆ ಅಂತ. ಅವರಂದ್ರು, ಮೊದಲನೇ ಸಲ ಅಭ್ಯಾಸ ಮಾತಾಡುತ್ತಪ್ಪ, ಮನುಷ್ಯ ಮಾತಾಡೋದು ಎರಡನೇ ಸಲ.

"ಇನ್ನು ಚಾರ್ಜ್ ಕೊಡೋ ವಿಚಾರ. ನಿಮಗೆ ಅದನ್ನ ಹೇಳ್ಬೇಕಾ? ಪಾಳಿಗೆ ಬಂದೋರು ಸೀದಾ ಕೂರೋ ಹಾಗಿಲ್ಲ. ಹತ್ತು ನಿಮಿಷ ಕುರ್ಚಿ ಹಿಂದೆ ಕೈ ಕಟ್ಕೊಂಡು ನಿಂತು, ಏನು ಎಲ್ಲಿದೆ, ಯಾವುದು ಬರ್ತಿದೆ, ಗಾಳಿ ಎತ್ಲಾಗಿದೆ, ಎಲ್ಲಾನೂ ಕಣ್ಣಲ್ಲಿ ಕಿವೀಲಿ ತುಂಬ್ಕೊಳ್ಬೇಕು. ಕೂತೋರು ಕೊನೆಗೆ 'ಕೊಟ್ಟೆ' ಅನ್ಬೇಕು, ನಿಂತೋರು 'ತಗೊಂಡೆ' ಅನ್ಬೇಕು. ಆ ಎರಡು ಮಾತು ಆಗೋವರೆಗೂ ಕೂತೋರು ಎದ್ದೇಳೋ ಹಾಗಿಲ್ಲ. ಮನೆಗೆ ಬೆಂಕಿ ಬಿದ್ರೂ ಏಳೋ ಹಾಗಿಲ್ಲ. ಇನ್ನೊಂದ್ಸಲ ಸಾರ್ ಇಪ್ಪತ್ತೊಂಬತ್ತು ವರ್ಷ ಹಾಗೇ ತಗೊಂಡ್ರು, ಹಾಗೇ ಕೊಟ್ರು.

"ಆವಾಗ ಹೊಸ ಸರ್ಕಾರ ಬಂತು. ಸರ್ಕಾರಿ ನೌಕರರನ್ನ ಕಡಿಮೆ ಮಾಡ್ತೀವಿ ಅಂತ ಹೇಳ್ಕೊಂಡೇ ಗೆದ್ದಿದ್ರು, ಮಾತು ಉಳಿಸ್ಕೊಳ್ಬೇಕಲ್ಲ. ನಮ್ಮ ಇಲಾಖೆ ಮಂತ್ರಿ ಒಂದು ಸಭೇಲಿ ಕೇಳಿದ್ರು, 'ಆಕಾಶದಲ್ಲಿ ಎಂಥಾ ಟ್ರಾಫಿಕ್ಕು ರೀ, ತಲೆ ಎತ್ತಿ ನೋಡಿ, ಖಾಲಿ.' ಜನ ತಲೆ ಎತ್ತಿ ನೋಡಿದ್ರು. ಖಾಲಿ ಇತ್ತು. ಚಪ್ಪಾಳೆ ಹೊಡೆದ್ರು. ಅದಾಗಿ ಎರಡು ತಿಂಗಳಿಗೆ ಕೈಯಲ್ಲೊಂದು ಸ್ಟಾಪ್‌ವಾಚ್ ಹಿಡ್ಕೊಂಡು ಒಬ್ಬ ಸಾಹೇಬ್ರು ಬಂದ್ರು. ಮೇಲಿನ ಕೋಣೇಲಿ ಎರಡು ದಿನ ಕೂತು, ಯಾರು ಎಷ್ಟು ಹೊತ್ತು ಕೆಲಸ ಮಾಡ್ತಾರೆ ಯಾರು ಎಷ್ಟು ಹೊತ್ತು ಸುಮ್ನಿರ್ತಾರೆ ಅಂತ ಬರ್ಕೊಂಡ್ರು. ಏನು ಬರೆದ್ರು ಗೊತ್ತಾ? 'ಒಬ್ಬನು ಕೆಲಸ ಮಾಡುತ್ತಿರುವಾಗ ಮತ್ತೊಬ್ಬನು ಅವನ ಬೆನ್ನ ಹಿಂದೆ ಹತ್ತು ನಿಮಿಷ ನಿಷ್ಕಾರಣ ನಿಂತಿರುತ್ತಾನೆ.' ಆ ನಿಷ್ಕಾರಣ ನಿಂತಿದ್ದೋರು ಇನ್ನೊಂದ್ಸಲ ಸಾರೇ. ಲಿಸ್ಟು ಬಂತು. ದೇಶದ ಎಲ್ಲಾ ಟವರ್‌ಗಳಿಂದ ನಾನೂರ ಹನ್ನೊಂದು ಹುದ್ದೆ ರದ್ದು. ಎರಡನೇ ಕುರ್ಚಿ ರದ್ದು, ಹತ್ತು ನಿಮಿಷ ರದ್ದು. ಒಬ್ಬರು ಎದ್ರೆ ಇನ್ನೊಬ್ಬರು ಸೀದಾ ಬಂದು ಕೂರ್ಬೇಕು, ಬಸ್ಸಲ್ಲಿ ಸೀಟು ಹಿಡಿಯೋ ಹಾಗೆ.

"ಅವರ ಕೊನೇ ದಿನ... ನಾನು ಕಣ್ಣಾರೆ ಕಂಡಿದ್ದು ಇದು. ಮಧ್ಯಾಹ್ನ ಎರಡಕ್ಕೆ ಅವರ ಪಾಳಿ ಮುಗೀತು. ಚಾರ್ಜ್ ತಗೊಳ್ಳೋಕೆ ಯಾರೂ ಬರ್ಲಿಲ್ಲ. ಯಾರು ಬರ್ತಾರೆ ಹೇಳಿ, ಹುದ್ದೇನೇ ಇಲ್ಲವಲ್ಲ. ಅವರು ಏಳ್ಲಿಲ್ಲ. ಮೂರಾಯ್ತು, ನಾಲ್ಕಾಯ್ತು. ಕೂತೇ ಇದ್ರು, ಕೆಲಸ ಮಾಡ್ತಾನೇ ಇದ್ರು. ಐದು ಗಂಟೆಗೆ ಸ್ಟೋರಿನ ಇಬ್ಬರು ಆಳುಗಳು ಬಂದು, ಸಾರ್ ಕುರ್ಚಿ ತಗೊಂಡು ಹೋಗೋಕೆ ಹೇಳಿದಾರೆ ಅಂದ್ರು. ಪಾಪ, ಅವರದ್ದೇನು ತಪ್ಪು. ಇನ್ನೊಂದ್ಸಲ ಸಾರ್ ಎದ್ದು ನಿಂತ್ರು. ಕುರ್ಚಿ ಮೆಟ್ಟಿಲಿಳಿದು ಹೋಯ್ತು. ಅವರು ಆ ಖಾಲಿ ಜಾಗದ ಹಿಂದೆ ಕೈ ಕಟ್ಕೊಂಡು ಕತ್ತಲಾಗೋವರೆಗೂ ನಿಂತಿದ್ರು. ಹೋಗೋವಾಗ ನನ್ನ ಹತ್ರ ಹೇಳಿದ್ದು ಒಂದೇ ಮಾತು. 'ಚಾರ್ಜ್ ಕೊಟ್ಟಿಲ್ಲ ಕಣಪ್ಪ ನಾನು.'

"ನಲವತ್ತು ದಿನಕ್ಕೆ ತೀರ್ಕೊಂಡ್ರು. ಕಾಯಿಲೆ ಇಲ್ಲ ಕಸಾಲೆ ಇಲ್ಲ. ಗೋಡೆಗೆ ಒರಗಿ ನಿಂತಿದ್ದೋರು ನಿಂತ ಹಾಗೇ ಹೋದ್ರು ಅಂತ ಆಯಮ್ಮ ಹೇಳಿದ್ಲು."

ತಾತ ನಿಲ್ಲಿಸಿದರು. ಕಿಟಕಿಯ ಗಾಜಿನ ಮೇಲೆ ನೀರು ಎಳೆಯೆಳೆಯಾಗಿ ಇಳಿಯುತ್ತಿತ್ತು. ಉದ್ದಣ್ಣ ಕೂತಿದ್ದ ಕುರ್ಚಿಯನ್ನು ಮೆಲ್ಲಗೆ ಸರಿಸಿ ಬೆನ್ನನ್ನು ಗೋಡೆಗೆ ತಾಗಿಸಿಕೊಂಡ. ಕನ್ನಡಕದ ಹುಡುಗಿ ಅದನ್ನು ನೋಡಿದಳು, ಚೇಷ್ಟೆ ಮಾಡಲಿಲ್ಲ. ತಾನೂ ಸ್ವಲ್ಪ ಗೋಡೆಯ ಕಡೆಗೆ ಜರುಗಿದಳು.

"ಇನ್ನು ಅಕ್ಕನ ವಿಚಾರಕ್ಕೆ ಬರೋಣ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಆದ್ರೂ ನಾನೂ ಅಕ್ಕ ಅಂತಿದ್ದೆ, ಎಲ್ಲರೂ ಹಾಗೇ ಕರೆಯೋರು. ರನ್‌ವೇ ಕುರ್ಚಿ ಅವಳದ್ದು. ಎರಡನೇ ಕುರ್ಚಿ ಹೋದ ಮೇಲೆ ರನ್‌ವೇನೂ ಅವಳೇ, ನೆಲಾನೂ ಅವಳೇ, ಟೆಲಿಫೋನೂ ಅವಳೇ. ಉಚ್ಚೆಗೆ ಹೋಗ್ಬೇಕು ಅಂದ್ರೆ ಆಕಾಶ ಖಾಲಿಯಾಗೋವರೆಗೂ ಹಲ್ಲು ಕಚ್ಕೊಂಡು ಕೂರೋಳು. ಏಳು ತಿಂಗಳು ಹಾಗೇ ನಡೀತು. ನೋಡಿದ್ರಾ, ಒಬ್ಬರೇ ಸಾಕಾಯ್ತು ಅಂತ ಮಂತ್ರಿಗಳು ಪೇಪರಲ್ಲಿ ಹೇಳಿಕೆ ಕೊಟ್ರು.

"ಅವತ್ತು ಇಂಥದ್ದೇ ಮಳೆ, ಇದೇ ಹೊತ್ತು. ರನ್‌ವೇ ಮೇಲೆ ನೀರೆಷ್ಟು ನಿಂತಿದೆ ಅಂತ ನೋಡೋಕೆ ಜೀಪು ಹೋಗ್ಬೇಕು ಅಂದ್ರು. ಅಕ್ಕ 'ಹೋಗಿ' ಅಂದ್ಲು. ಈಗ, ಜೀಪು ರನ್‌ವೇಗೆ ಇಳಿದ್ರೆ ಏನ್ ಮಾಡ್ಬೇಕು? ನೆಲದ ಕುರ್ಚಿಯೋರು ಒಂದು ಕೆಂಪು ಬಿಲ್ಲೆ ಎತ್ತಿ ರನ್‌ವೇ ಕುರ್ಚಿಯೋರ ಕೈಗೆ ಕೊಡ್ಬೇಕು, ಅವರು ಅದನ್ನ ತಮ್ಮ ಮುಂದಿನ ಗೂಡಿಗೆ ಹಾಕ್ಬೇಕು. ಗೂಡಲ್ಲಿ ಕೆಂಪು ಇರೋವರೆಗೂ ಯಾವ ವಿಮಾನಕ್ಕೂ ಇಳೀರಿ ಅನ್ನೋ ಹಾಗಿಲ್ಲ. ಇಬ್ಬರಿದ್ದಾಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಒಬ್ಬಳೇ ಇದ್ರೆ? ಎಡಗೈಯಿಂದ ತನ್ನದೇ ಬಲಗೈಗೆ ಕೊಡ್ಬೇಕು... ಅಕ್ಕ ಎಡಗೈಲಿ ಬಿಲ್ಲೆ ಎತ್ಕೊಂಡ್ಲು. ಅಷ್ಟರಲ್ಲಿ ಫೋನು ಹೊಡ್ಕೊಳ್ತು. ಹೆಡ್ ಆಫೀಸು. ಏನು ಅಷ್ಟು ತುರ್ತು ಅಂತೀರಾ? ಖಾಲಿ ಹುದ್ದೆಗಳ ವಿವರ ಆರು ಗಂಟೆಯೊಳಗೆ ಕಳಿಸಿ ಅಂತ. ನಗ್ಬೇಡಿ, ನಿಜ. ಅಕ್ಕ ಬರ್ಕೊಳ್ಳೋಕೆ ಅಂತ ಬಿಲ್ಲೆನ ಕೆಳಗಿಟ್ಲು. ಅದರ ಮೇಲೆ ಆ ವಿವರದ ಹಾಳೆ ಬಂತು. ಬಿಲ್ಲೆ ಹಾಳೆ ಕೆಳಗೆ, ಗೂಡು ಖಾಲಿ, ಹೊರಗೆ ಮಳೆ, ರನ್‌ವೇ ಕಾಣ್ತಿಲ್ಲ.

"ವಿಮಾನ ಕೂಗ್ತು. ಅರವತ್ತೆಂಟು ಜನ ಅದರಲ್ಲಿ. ಇಳೀಬಹುದಾ ಅಂತು. ಅಕ್ಕ ಗೂಡು ನೋಡಿದ್ಲು. ಕೆಂಪಿಲ್ಲ. 'ರನ್‌ವೇ ಖಾಲಿ ಇದೆ, ಇಳೀರಿ' ಅಂದ್ಲು.

"ನಾನು ಕೆಳಗೆ ಯಂತ್ರದ ಕೋಣೇಲಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಅಕ್ಕನ ಮಾತು ಮುಗೀತು. ಪೈಲಟ್ಟು ಇನ್ನೂ ಬಾಯಿ ಬಿಟ್ಟಿಲ್ಲ. ಆ ನಡುವೆ... ಒಂದು ಸಣ್ಣ ಕೆಮ್ಮು.

"'ಇನ್ನೊಂದ್ಸಲ ಹೇಳಿ.'

"ನನ್ನ ಕೈಲಿದ್ದ ಸ್ಕ್ರೂ ಡ್ರೈವರ್ ಬಿದ್ದಿದ್ದು ನನಗೇ ಕೇಳಿಸ್ಲಿಲ್ಲ. ಆ ದನಿ ನಾನು ಇಪ್ಪತ್ತು ವರ್ಷ ಕೇಳಿದ ದನಿ. ಅಕ್ಕನಿಗೆ ಅದೆಲ್ಲ ಯೋಚನೆ ಮಾಡೋಕೆ ಪುರುಸೊತ್ತೆಲ್ಲಿ, ಪೈಲಟ್ಟೇ ಕೇಳ್ತಿದಾನೆ ಅಂದ್ಕೊಂಡ್ಲು. ಇನ್ನೊಂದ್ಸಲ ಹೇಳೋಕೆ ಹೋದ್ಲು. 'ರನ್‌ವೇ...' ಅಂದ್ಲು, ಮುಂದಿನ ಮಾತು ಬರ್ಲಿಲ್ಲ. ಯಾಕಂದ್ರೆ ಈ ಸಲ ಮಾತಾಡ್ತಿದ್ದದ್ದು ಅಭ್ಯಾಸ ಅಲ್ಲ, ಅವಳು. ಜೀಪು ನೆನಪಾಯ್ತು. 'ಇಳೀಬೇಡಿ, ಮೇಲಕ್ಕೆ ಹೋಗಿ, ಮೇಲಕ್ಕೆ ಹೋಗಿ' ಅಂದ್ಲು. ವಿಮಾನ ಹೊಟ್ಟೆ ಎತ್ಕೊಂಡು ಮೇಲಕ್ಕೆ ಹೋಯ್ತು. ಜೀಪಿನ ಡ್ರೈವರ್ ಆಮೇಲೆ ಹೇಳ್ತಿದ್ದ, ವಿಮಾನದ ಚಕ್ರದ ಮೇಲೆ ಅಂಟಿದ್ದ ಹುಲ್ಲಿನ ಎಸಳನ್ನೂ ನೋಡ್ದೆ ಅಂತ. ಅವನು ಸ್ವಲ್ಪ ಸೇರಿಸಿ ಹೇಳೋ ಪೈಕಿ. ಆದ್ರೂ ಅವತ್ತು ನೋಡಿರ್ಬಹುದು."

"ಅಕ್ಕನ್ನ ಕೆಲಸದಿಂದ ತೆಗೆದ್ರಾ?" ಕನ್ನಡಕದ ಹುಡುಗಿ ಕೇಳಿದಳು. ಅವಳ ದನಿಯಲ್ಲಿ ಬೇರೆಯದೇ ಒಂದು ಆತುರವಿತ್ತು. ತಾತ ಅವಳನ್ನು ಒಂದು ಗಳಿಗೆ ನೋಡಿ ಮುಂದುವರಿಸಿದರು.

"ತೆಗೆಯೋದೇನು, ಜೈಲಿಗೆ ಕಳಿಸ್ಬೇಕು ಅಂತ ಓಡಾಡಿದ್ರು. ಸರ್ಕಾರಕ್ಕೆ ಅದೇ ಸುಲಭ ಅಲ್ವಾ? ಹೆಂಗಸು ಮೈಮರೆತಳು ಅಂದ್ರೆ ಒಬ್ಬಳ ತಪ್ಪು. ಕುರ್ಚಿ ಕಿತ್ಕೊಂಡಿದ್ದು ತಪ್ಪು ಅಂದ್ರೆ ಎಷ್ಟು ಜನರ ತಪ್ಪು. ವಿಚಾರಣೆ ಅಂತ ಆಯ್ತು, ಇದೇ ಕೋಣೇಲಿ. ವಿಚಾರಣೆಗೆ ಬಂದೋರು ಯಾರು ಅಂತೀರಿ? ಅದೇ ಸ್ಟಾಪ್‌ವಾಚ್ ಸಾಹೇಬ್ರು. ವಿಚಾರಣೆ ಮಾಡೋ ಅಧಿಕಾರಿಗಳ ಹುದ್ದೇನೂ ಲಿಸ್ಟಲ್ಲಿ ಹೋಗಿತ್ತಂತೆ, ಇವರೊಬ್ಬರೇ ಉಳಿದಿದ್ರು.

"ಹಿಂದಿನ ದಿನ ಅಕ್ಕನ ಗಂಡ ಅವಳಿಗೆ ಹೇಳಿದಾನೆ, ಆ ಮಾತು ಪೈಲಟ್ ಹೇಳಿದ್ದು ಅಂದ್ಬಿಡು, ಮಕ್ಕಳ ಮುಖ ನೋಡು ಅಂತ. ಅಕ್ಕ ಒಪ್ಲಿಲ್ಲ. 'ಅರವತ್ತೆಂಟು ಜನರನ್ನ ಉಳಿಸಿದ ಮಾತು ಅದು, ಅದನ್ನ ಆಡಿದೋರಿಂದ ಕಿತ್ಕೊಳ್ಳಲಾ?' ಅಂದ್ಲಂತೆ. ವಿಚಾರಣೇಲಿ ನಾನು ಟೇಪು ಹಾಕ್ದೆ. ಎಲ್ಲರೂ ಕೇಳಿದ್ರು. ಪೈಲಟ್ಟು, ಈ ದನಿ ನನ್ನದಲ್ಲ, ಟವರಿನೋರು ಅಂದ್ಕೊಂಡೆ ಅಂದ. ಅಕ್ಕ, ನಾನು ಒಬ್ಬಳೇ ಇದ್ದೆ ಅಂದ್ಲು. ಸಾಹೇಬ್ರು ನನ್ನ ಕಡೆ ತಿರುಗಿದ್ರು. ಯಾರ್ರೀ ಇದು? ನಾನಂದೆ, ಸಾಹೇಬ್ರೆ, ನಾನು ಯಂತ್ರದೋನು, ಇರೋ ದನೀನ ಯಂತ್ರ ಹಿಡಿಯುತ್ತೆ, ಇಲ್ದೇ ಇರೋ ದನೀನ ಹುಟ್ಟಿಸೋ ಯಂತ್ರ ನಮ್ಮ ಇಲಾಖೆಗೆ ಇನ್ನೂ ಕೊಟ್ಟಿಲ್ಲ ಅಂತ.

"ಅವರಿಗೆ ಸಿಟ್ಟು ಬಂತು. ಒಳಗೆ ಯಾರನ್ನೋ ಕದ್ದು ಕೂರಿಸ್ಕೊಂಡು ನಾಟಕ ಆಡ್ತಿದೀರಿ, ಹಿಡಿದೇ ತೀರ್ತೀನಿ ಅಂದ್ರು. ಏಳು ತಿಂಗಳ ಟೇಪು ತರಿಸಿ ನನ್ನ ಕೋಣೇಲಿ ಕೂತು ಕೇಳೋಕೆ ಶುರು ಮಾಡಿದ್ರು. ನಾಲ್ಕು ದಿನ. ಮೊದಲನೇ ದಿನ ಬೈಕೊಂಡು ಕೇಳಿದ್ರು. ಎರಡನೇ ದಿನ ಬೈಯೋದು ನಿಂತು ಹೋಯ್ತು. ಯಾಕೆ ಗೊತ್ತಾ? ಆ ಮಾತು ಅವತ್ತು ಮಾತ್ರ ಬಂದಿದ್ದಲ್ಲ. ಇಪ್ಪತ್ತಮೂರು ಸಲ ಬಂದಿತ್ತು. ಅಕ್ಕನೋ ಬೇರೆ ಪಾಳಿಯೋರೋ ದಣಿದು ಏನಾದ್ರೂ ತಪ್ಪು ಹೇಳಿದಾಗೆಲ್ಲ ಒಂದು ಕೆಮ್ಮು, ಇನ್ನೊಂದ್ಸಲ ಹೇಳಿ. ಟವರಿನೋರು ಪೈಲಟ್ ಕೇಳಿದ ಅಂದ್ಕೊಂಡ್ರು, ಪೈಲಟ್ಟು ಟವರಿನೋರು ಕೇಳಿದ್ರು ಅಂದ್ಕೊಂಡ. ದಿನಕ್ಕೆ ನೂರು ಸಲ ಆಡೋ ಮಾತು ಅದು, ಯಾರಿಗೆ ಅನುಮಾನ ಬರುತ್ತೆ?

"ನಾಲ್ಕನೇ ದಿನ ಸಾಯಂಕಾಲ ಸಾಹೇಬ್ರು ಹೆಡ್‌ಫೋನ್ ತೆಗೆದಿಟ್ರು. ಆಮೇಲೆ ಹೇಳಿದ್ರು, 'ಈ ದನಿ ನಂಗೂ ಗೊತ್ತು ಕಣ್ರೀ. ನಾನು ವಾಚ್ ಹಿಡ್ಕೊಂಡು ಕೂತಾಗ, ಏನ್ ಬರ್ಕೊಂಡ್ರಿ ಸಾಹೇಬ್ರೆ, ಇನ್ನೊಂದ್ಸಲ ಹೇಳಿ ಅಂದಿದ್ರು. ನಾನು ಹೇಳ್ಲಿಲ್ಲ.' ಮತ್ತೆ, 'ಹಿಂದೆ ನಿಂತು ಅವರು ಮಾಡ್ತಿದ್ದಿದ್ದಾದ್ರೂ ಏನು?' ಅಂತ ಕೇಳಿದ್ರು. ನಾನಂದೆ, ಕೇಳಿಸ್ಕೊಳ್ತಿದ್ರು ಸಾಹೇಬ್ರೆ. ಅಷ್ಟೇ.

"ಈಗ ವರದಿ ಬರೀಬೇಕು. ದೆವ್ವ ಅಂತ ಬರೆದ್ರೆ ಅವರನ್ನ ಆಸ್ಪತ್ರೆಗೆ ಸೇರಿಸ್ತಾರೆ. ಯಾರೂ ಇರ್ಲಿಲ್ಲ ಅಂತ ಬರೆದ್ರೆ ಟೇಪೇ ಸುಳ್ಳು ಅನ್ನುತ್ತೆ. ರಾತ್ರಿಯೆಲ್ಲ ಕೂತು ಬರೆದಿದ್ದು ಒಂದೇ ಸಾಲು, ನಂಗೆ ಬಾಯಿಪಾಠ ಆಗಿದೆ. 'ಕರ್ತವ್ಯದಲ್ಲಿದ್ದ ಎರಡನೇ ನಿಯಂತ್ರಕರು ಮಾತನ್ನು ಪುನಃ ಹೇಳುವಂತೆ ಕೇಳಿದ್ದರಿಂದ ಅನಾಹುತ ತಪ್ಪಿತು.' ಸುಳ್ಳೆಲ್ಲಿದೆ, ತೋರಿಸಿ ನೋಡೋಣ. ಚಾರ್ಜ್ ಕೊಟ್ಟಿಲ್ಲ ಅಂದ್ಮೇಲೆ ಅವರು ಕರ್ತವ್ಯದಲ್ಲೇ ಇದ್ರಲ್ಲ.

"ಸರ್ಕಾರದಲ್ಲಿ ಮನುಷ್ಯ ಸಾಯ್ಬಹುದು, ಬರೆದಿದ್ದು ಸಾಯೋದಿಲ್ಲ. ಮಂತ್ರಿಗಳಿಗೆ ಆ ಸಾಲು ತುಂಬಾ ಹಿಡಿಸ್ತು. ಪಾರ್ಲಿಮೆಂಟಲ್ಲಿ ಎದ್ದು ನಿಂತು ಎದೆಯುಬ್ಬಿಸಿ ಓದಿದ್ರು, ನೋಡಿ, ನಮ್ಮ ವ್ಯವಸ್ಥೆ ಎಷ್ಟು ಗಟ್ಟಿಯಾಗಿದೆ, ಎರಡನೇ ನಿಯಂತ್ರಕರು ಎಷ್ಟು ಎಚ್ಚರವಾಗಿದ್ರು ಅಂತ. ವಿರೋಧ ಪಕ್ಷದಲ್ಲಿ ಒಬ್ಬ ವಯಸ್ಸಾದ ಹೆಂಗಸು, ಮೊದಲು ಶಾಲೆ ಟೀಚರಾಗಿದ್ದೋರು, ಮೆಲ್ಲಗೆ ಎದ್ದು ಕೇಳಿದ್ರು. 'ತುಂಬಾ ಸಂತೋಷ. ಆ ಎರಡನೇ ನಿಯಂತ್ರಕರ ಹುದ್ದೆ ಇದೆಯೋ ಇಲ್ಲವೋ?' ಮಂತ್ರಿಗಳು ನೀರು ಕುಡಿದ್ರು. ಇದೆ ಅಂದ್ರೆ ಲಿಸ್ಟು ಸುಳ್ಳು. ಇಲ್ಲ ಅಂದ್ರೆ ಆಗ ತಾನೇ ಓದಿದ ವರದಿ ಸುಳ್ಳು. ಆಯಮ್ಮ ಕೂರ್ಲೇ ಇಲ್ಲ. ಉತ್ತರ ಬರೋವರೆಗೂ ನಿಂತಿರ್ತೀನಿ, ನಂಗೆ ನಿಂತು ಅಭ್ಯಾಸ ಇದೆ ಅಂದ್ರು. ಮೂರನೇ ಲೋಟ ನೀರಿಗೆ ಮಂತ್ರಿಗಳು ಇದೆ ಅಂದ್ರು. ಅಷ್ಟೇ ನೋಡಿ. ಇದೆ ಅಂದ್ಮೇಲೆ ತುಂಬ್ಬೇಕು. ವಾರದೊಳಗೆ ಆದೇಶ ಬಂತು, ನಾನೂರ ಹನ್ನೊಂದು ಹುದ್ದೆ ಯಾವತ್ತೂ ರದ್ದೇ ಆಗಿರ್ಲಿಲ್ಲ ಅನ್ನೋ ಧಾಟೀಲಿ. ಹತ್ತು ನಿಮಿಷಾನೂ ವಾಪಸ್ ಬಂತು. ಅಕ್ಕನ ಮೇಲಿನ ಆರೋಪ ಎಲ್ಲಾ ಬಿದ್ದು ಹೋಯ್ತು."

ಉದ್ದಣ್ಣ ತೊಡೆ ತಟ್ಟಿದ. ಮದುವೆಯ ಹುಡುಗ ಜೋರಾಗಿ ನಕ್ಕ. ಹೊರಗಿನ ಕಾವಲಿನವನು ಏನಾಯಿತೆಂದು ಬಾಗಿಲಿಂದ ಇಣುಕಿ ಹೋದ. ತಾತ ಎಲ್ಲರೂ ಸುಮ್ಮನಾಗುವವರೆಗೆ ಕಾದರು. ಅವರ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಪ್ರಸನ್ನವಾಗಿತ್ತು.

"ಕುರ್ಚಿ ವಾಪಸ್ ಬಂದ ದಿನ ಕೇಳಿ. ತೊಂಬತ್ತೆರಡು ಮೆಟ್ಟಿಲು. ಆಳುಗಳಿಗೆ ಕೊಡದೆ ಅಕ್ಕ ಒಂದು ಕಡೆ, ನಾನೊಂದು ಕಡೆ ಹಿಡ್ಕೊಂಡು ಹೊತ್ವಿ. ಜೀಪಿನ ಡ್ರೈವರ್ ಮುಂದೆ ಮುಂದೆ ದಾರಿ ಬಿಡಿಸ್ಕೊಂಡು ಹತ್ತಿದ, ದಾರೀಲಿ ಯಾರೂ ಇಲ್ದಿದ್ರೂ. ಹೊಸಬ ಬಂದಿದ್ದ, ನಿಮ್ಮ ವಯಸ್ಸಿನೋನು, ಬೇರೆ ಊರಿನ ಹುಡುಗ, ಇದ್ಯಾವುದೂ ಅವನಿಗೆ ಗೊತ್ತಿಲ್ಲ. ಕೂರೋಕೆ ಹೋದ. ಅಕ್ಕ ತಡೆದ್ಲು. 'ಹತ್ತು ನಿಮಿಷ ಹಿಂದೆ ನಿಂತ್ಕೋ. ಕೇಳಿಸ್ಕೋ' ಅಂದ್ಲು. ಅವನು ಖಾಲಿ ಕುರ್ಚಿ ಹಿಂದೆ ಕೈ ಕಟ್ಕೊಂಡು ನಿಂತ. ನಮಗೇನೂ ಕೇಳಿಸ್ಲಿಲ್ಲ, ದೇವರಾಣೆ. ಆದ್ರೆ ಆ ಹುಡುಗನ ಮುಖ ಬಿಳಿಚ್ಕೊಳ್ತಾ ಹೋಯ್ತು, ತಲೆ ಮಾತ್ರ ಆಡಿಸ್ತಿದ್ದ, ಹೂಂ... ಹೂಂ... ಅಂತ. ಹತ್ತು ನಿಮಿಷಕ್ಕೆ ಸರಿಯಾಗಿ ಬಾಯಿ ಬಿಟ್ಟ. ಯಾವ ವಿಮಾನ ಎಲ್ಲಿದೆ, ಯಾವ ಗಾಡಿ ಯಾವ ತಿರುವಲ್ಲಿ ನಿಂತಿದೆ, ಯಾವ ದೀಪ ಕೆಟ್ಟಿದೆ, ಎಲ್ಲಾ ಒಂದೂ ಬಿಡದೆ ಒಪ್ಪಿಸಿದ. ಯಾರೂ ಅವನಿಗೆ ಹೇಳಿರ್ಲಿಲ್ಲ. ಕೊನೆಗೆ, 'ತಗೊಂಡೆ ಸಾರ್' ಅಂದ.

"ಕೆಳಗೆ ಬಂದು ಟೇಪು ನೋಡ್ದೆ. ಆ ಹತ್ತು ನಿಮಿಷ ಬರೀ ಗಾಳಿ. ಅವನು ತಗೊಂಡೆ ಅನ್ನೋ ಮುಂಚೆ ಮಾತ್ರ, ಅದೇ ದನೀಲಿ ಒಂದು ಮಾತು. 'ಕೊಟ್ಟೆ.' ಅಷ್ಟು ಹಗುರವಾದ ಮಾತು ನಾನು ಜೀವಮಾನದಲ್ಲಿ ಕೇಳಿಲ್ಲ. ಅದಾದ ಮೇಲೆ ಆ ಕೆಮ್ಮು ಯಾವ ಟೇಪಲ್ಲೂ ಬರ್ಲಿಲ್ಲ."



"ಅಂದ್ರೆ ಹೋದ್ರು," ಎಂದ ಉದ್ದಣ್ಣ ಸಮಾಧಾನದಿಂದ. "ಈಗ ಇಲ್ಲ. ಅಲ್ವಾ ತಾತ?"

"ಇನ್ನೊಂದ್ಸಲ ಸಾರ್ ಹೋದ್ರು. ಅದರಲ್ಲಿ ಸಂಶಯ ಬೇಡ." ತಾತ ತಣ್ಣಗಾದ ಟೀಯನ್ನು ಒಂದು ಗುಟುಕು ಕುಡಿದರು. "ಆದ್ರೆ ಲಿಸ್ಟಲ್ಲಿ ಅವರೊಬ್ಬರೇ ಇದ್ರಾ? ಎಷ್ಟೋ ಜನ ಕೆಲಸಕ್ಕೆ ವಾಪಸ್ ಬಂದ್ರು. ಹುದ್ದೆ ತುಂಬೋ ಹೊತ್ತಿಗೆ ಇನ್ನೂ ಮೂವತ್ತು ಜನ ತೀರ್ಕೊಂಡಿದ್ರು. ಅವರ ಜಾಗಕ್ಕೆ ಬಂದೋರು ಸೀದಾ ಬಂದು ಕೂತ್ರು. ಹಿಂದೆ ನಿಂತು ಕೇಳಿಸ್ಕೊಳ್ಳಿ ಅಂತ ಹೇಳೋ ಅಕ್ಕ ಎಲ್ಲಾ ಟವರಲ್ಲೂ ಇರ್ಲಿಲ್ಲವಲ್ಲಪ್ಪ. ಹಾಗಾದ್ರೆ ಆ ಮೂವತ್ತು ಜನ ಚಾರ್ಜ್ ಯಾರಿಗೆ ಕೊಟ್ರು?"

ತಾತ ಕನ್ನಡಕದ ಹುಡುಗಿಯ ಕಡೆ ತಿರುಗಿದರು.

"ಹೋದ ಗುರುವಾರ ಬೆಳಿಗ್ಗೆ ನಿನ್ನ ಜೊತೆಯವನು ವಾಂತಿ ಅಂತ ಎದ್ದು ಹೋದ. ಬದಲಿಯವರು ಬರೋಕೆ ಇಪ್ಪತ್ತು ನಿಮಿಷ ಆಯ್ತು. ಅಷ್ಟು ಹೊತ್ತು ನೀನು ಒಬ್ಬಳೇ ಇದ್ದೆ. ಅಲ್ವೇನಮ್ಮ?"

ಅವಳು ತಲೆಯಾಡಿಸಿದಳು.

"ಆ ಇಪ್ಪತ್ತು ನಿಮಿಷದ ಟೇಪು ಕೇಳೋಕೇ ಇವತ್ತು ನನ್ನ ಕರೆಸಿದ್ದು. ನೀನು ಎರಡು ವಿಮಾನಕ್ಕೆ ಒಂದೇ ಎತ್ತರ ಹೇಳೋದ್ರಲ್ಲಿದ್ದೆ. ಹೆಂಗಸಿನ ದನಿ ಒಂದು, 'ತಾಳು ಮಗಳೇ' ಅಂತು. ನೀನು ತಿದ್ಕೊಂಡೆ."

"ಅದು ಪೈಲಟ್ ಮೇಡಂ, ತಾತ," ಎಂದಳು ಹುಡುಗಿ. ಅವಳ ದನಿ ಕುಗ್ಗಿತ್ತು. "ಮೇಲಿನ ವಿಮಾನದೋರು ಅಂತ..."

"ಎರಡೂ ವಿಮಾನದಲ್ಲಿ ಇದ್ದೋರು ನಾಲ್ಕು ಜನ. ನಾಲ್ವರೂ ಗಂಡಸರು. ವಿಚಾರಿಸಿದೀನಿ. ಚಾರ್ಜ್ ಕೊಡದೇ ಹೋದೋರಿಗೆ ಆ ಟವರೇನು, ಈ ಟವರೇನು."

ಉದ್ದಣ್ಣನ ಬೆನ್ನು ಗೋಡೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿತು. ಹುಡುಗಿ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು. ಗೋಡೆಯ ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು, ಅವಳ ಪಾಳಿ. ಎದ್ದು ನಿಂತಳು. ಬೆನ್ನು ನೆಟ್ಟಗಾಯಿತು. ಮೆಟ್ಟಿಲ ಬಾಗಿಲನ್ನು ತಳ್ಳಿಕೊಂಡು, ಹಿಂದಕ್ಕೆ ತಿರುಗಿ ನೋಡದೆ, ಒಂದೇ ವೇಗದಲ್ಲಿ ಹತ್ತತೊಡಗಿದಳು.

"ತಾತ," ಎಂದ ಮದುವೆಯ ಹುಡುಗ ಪಿಸುದನಿಯಲ್ಲಿ, ಫೋನಿನಲ್ಲಿದ್ದ ಸುದ್ದಿಯನ್ನು ಇನ್ನೂ ಹಿಡಿದುಕೊಂಡು, "ಹಾಗಾದ್ರೆ ಈ ಸಲ ಮತ್ತೆ ಕುರ್ಚಿ ತೆಗೆದ್ರೆ?"

ಟೇಪ್ ತಾತ ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು.

"ತೆಗೀಲಿ ಬಿಡಪ್ಪ. ಕೂತೋರನ್ನ ಎಬ್ಬಿಸೋ ಅಧಿಕಾರ ಸರ್ಕಾರಕ್ಕಿದೆ. ನಿಂತೋರನ್ನ ಎಲ್ಲಿಗೆ ಕಳಿಸ್ತಾರೆ?"